ಕೆರೆಯ ಧಾರಾವಾಹಿ

ಕೊಕ್ಕರೆಗೆ ಕಥೆಯೆಂದರೆ ಪ್ರಾಣ ಎಂದು ಕೆರೆಯ ಮೀನುಗಳೆಲ್ಲ ನಂಬಿದ್ದವು. ಇಲ್ಲದಿದ್ದರೆ ಬಾಯಿಗೆ ಸಿಕ್ಕ ಕಪ್ಪೆಯನ್ನು ನುಂಗದೆ, ದಂಡೆಯ ಕಲ್ಲಿನ ಮೇಲೆ ಕೂರಿಸಿ ಪ್ರತಿ ಸಂಜೆ ಧಾರಾವಾಹಿ ಹೇಳಿಸುವವರು ಯಾರು?

ಕೇಳಲು ಮೀನುಗಳು ಮೇಲೆ ತೇಲಿ ಬರುತ್ತಿದ್ದವು. ಸಂಜೆಗೊಂದು ಮೀನು ಕಾಣೆಯಾಗುತ್ತಿತ್ತು. ಹಾಗಾಗಿ ಜಾಣ ಮೀನುಗಳು ತಳದಲ್ಲೇ ಉಳಿದು, ಬಸವನಹುಳು ಕೇಳಿಬಂದು ಒಪ್ಪಿಸುವ ಕಥೆಯನ್ನು ಆರಾಮವಾಗಿ ಕೇಳತೊಡಗಿದವು. ಕ್ರಮೇಣ ಎಲ್ಲವೂ ಜಾಣವಾದವು.

ಒಂದು ಸಂಜೆ, ಕಥೆಯಲ್ಲಿ ಅತ್ತೆ ಸೊಸೆಯ ಪಾಯಸಕ್ಕೆ ವಿಷ ಬೆರೆಸುವ ಹೊತ್ತಿಗೆ ಸರಿಯಾಗಿ, ಕೊಕ್ಕರೆ ತಳಕ್ಕೂ ಕೇಳುವಂತೆ ಸಾರಿತು: "ಕಥೆ ಇವತ್ತಿಗೆ ಮುಗಿಯಿತು. ಕಪ್ಪೆ ನನ್ನ ಊಟಕ್ಕೆ."

ಕಥೆಯ ಹುಚ್ಚಿದ್ದ ಗೆಂಡೆಮೀನು ತಳದಿಂದಲೇ ಕೂಗಿತು: "ಕೊಕ್ಕರೆಯಪ್ಪಾ, ಇಡೀ ಕೆರೆಯೇ ಕೇಳುತ್ತಿದೆ!"

"ನನಗೆ ಯಾರೂ ಕಾಣುತ್ತಿಲ್ಲ."

"ಸೊಸೆಯ ಗತಿಯೇನು?"

"ನನಗೆ ಯಾರೂ ಕಾಣುತ್ತಿಲ್ಲ."

ಗೆಂಡೆ ನೆರೆಹೊರೆಯ ಕಡೆ ತಿರುಗಿತು. "ಕೇಳಿದಿರಾ? ಅಭಿಮಾನವನ್ನು ಕೆಸರಲ್ಲಿ ಹೂತಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಏಳಿ, ಮೇಲೆ ಹೋಗಿ ಮುಖ ತೋರಿಸಿ!"

"ಯಾರಾದರೂ ಕಾಣೆಯಾದರೆ?" ಎಂದಿತು ಮುದಿ ಮೀನೊಂದು.

"ಆಗಲಿ ಅಜ್ಜ, ಸೊಸೆಗಿಂತ ನೀನು ಹೆಚ್ಚೇ?"

ಮೀನುಗಳೆಲ್ಲ ಮೇಲೆದ್ದವು. ಕೊಕ್ಕರೆ ಕಪ್ಪೆಯನ್ನು ಬಿಟ್ಟಿತು, ಕಥೆ ಮುಂದುವರಿಯಿತು. ಪಾಯಸದ ಬಟ್ಟಲು ಸೊಸೆಯ ತುಟಿಗೆ ಬಂದಾಗ ಕೊಕ್ಕರೆ ತಲೆ ಬಾಗಿಸಿತು.

"ನೋಡಿ, ಪಾಪ, ಅದಕ್ಕೂ ಕರುಳು ಚುರುಕ್ಕೆಂದಿತು!" ಎಂದು ಗೆಂಡೆ ಪಕ್ಕಕ್ಕೆ ತಿರುಗಿತು. ಪಕ್ಕದಲ್ಲಿ ಅಜ್ಜ ಇರಲಿಲ್ಲ.

ಕೊಕ್ಕರೆಗೆ ಕಿವಿ ಕೇಳಿಸುತ್ತಿರಲಿಲ್ಲ.