ಗಾಳಿಬಾಯಿಯ ಬಾಗಿಲು

"ಸಿದ್ಧಿ ಪಡೆದವರಿಗೆ ಯಾವ ನಿಯಮವೂ ಇಲ್ಲವೆಂದು ನೀವೇ ಹೇಳಿದಿರಿ. ಹಾಗಿದ್ದರೆ ನನಗೇಕೆ ಇಷ್ಟೊಂದು ನಿಯಮ?"

ಹೀಗೆ ಕೇಳಿದವನು ಚೆನ್ನಮಲ್ಲನೆಂಬ ಶಿಷ್ಯ. ಅವನು ಮಠಕ್ಕೆ ಬಂದು ಹನ್ನೊಂದು ತಿಂಗಳಾಗಿತ್ತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಬೆಳಗಿನ ಮೌನ, ಒಪ್ಪತ್ತಿನ ಊಟ, ಓದಲು ಒಂದೇ ಪುಸ್ತಕ, ಎಲ್ಲವೂ ತನ್ನ ಕಾಲು ಹಿಡಿದು ಎಳೆಯುತ್ತಿವೆ ಎಂದು ಅವನಿಗೆ ಅನ್ನಿಸತೊಡಗಿತ್ತು.

ಗುರುಗಳು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಮೌನೇಶನೆಂಬ ಲೇತ್ ಕೆಲಸಗಾರನಿದ್ದ. ಮೌನ ಹೆಸರಿನಲ್ಲಷ್ಟೇ, ಅವನ ಮನಸ್ಸಿಗೆ ಒಂದು ಗಳಿಗೆಯೂ ಬಿಡುವಿರಲಿಲ್ಲ. ತನ್ನ ವರ್ಕ್‌ಶಾಪಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವನು ಎರಡು ಸೀಟಿನ ಒಂದು ವಿಮಾನವನ್ನು ತಾನೇ ಕಟ್ಟಿದ. ಒಂಬತ್ತು ವರ್ಷ ಹಿಡಿಯಿತು. ಕೊಳವೆಗಳನ್ನು ಅವನು ಬೆಸೆದ. ರೆಕ್ಕೆಗೆ ಹೊದಿಸುವ ಬಟ್ಟೆಯನ್ನು ಅವನ ಅಕ್ಕ ನೀಲಮ್ಮ ಹೊಲಿದಳು. ಹೊಲಿಗೆಯೇ ಅವಳ ಜೀವನ. ಎಂಜಿನ್ ಜೋಡಿಸಿಕೊಟ್ಟವನು ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾಗಿದ್ದ ಇನಾಸನೆಂಬ ಮುದುಕ. ಮೌನೇಶ ಹಾರುವುದನ್ನು ಕಲಿತ, ಪರವಾನಗಿ ಪಡೆದ.

ವಿಮಾನ ಹಾರಿತು. ಊರೆಲ್ಲ ಚಪ್ಪಾಳೆ ತಟ್ಟಿತು. ಇಳಿದು ಬಂದವನ ಮುಖದಲ್ಲಿ ಮಾತ್ರ ನಗುವಿರಲಿಲ್ಲ. "ಏರುವುದು ನಿಧಾನವಾಯಿತು" ಎಂದ.

ಆ ಸೀಮೆಯ ಬಿಸಿಲಿಗೆ ಗಾಳಿ ತೆಳ್ಳಗಾಗುತ್ತದೆ. ತೆಳ್ಳಗಿನ ಗಾಳಿ ಎಳೆದುಕೊಂಡ ಎಂಜಿನ್ನಿಗೆ ಬಲ ಕಡಿಮೆ. ಸಾಲದ್ದಕ್ಕೆ ಆ ಗಾಳಿ ಮೊದಲು ಫಿಲ್ಟರನ್ನು ದಾಟಿ ಹೋಗಬೇಕು. ಫಿಲ್ಟರ್ ಧೂಳನ್ನು ತಡೆಯುತ್ತದೆ. ಜೊತೆಗೆ ಗಾಳಿಯನ್ನೂ ಒಂದಿಷ್ಟು ತಡೆಯುತ್ತದೆ. ಆ ಒಂದಿಷ್ಟು ಮೌನೇಶನ ನಿದ್ದೆ ಕೆಡಿಸಿತು.

ಅವನು ಪ್ರೊಪೆಲ್ಲರಿನ ಕೆಳಗೆ ಒಂದು ಗಾಳಿಬಾಯಿ ಕೂರಿಸಿದ. ವಿಮಾನ ಮುಂದೆ ಧಾವಿಸಿದಂತೆಲ್ಲ ಎದುರುಗಾಳಿ ಆ ಬಾಯಿಗೆ ತಾನಾಗಿ ನುಗ್ಗಬೇಕು, ಒತ್ತಿಕೊಂಡು ಎಂಜಿನ್ನಿಗೆ ಸೇರಬೇಕು. ಮೊದಲು ದುಂಡಗೆ ಮಾಡಿದ, ಕಿತ್ತೆಸೆದ. ಚಪ್ಪಟೆ ಮಾಡಿದ, ಅದನ್ನೂ ಕಿತ್ತ. ಉಣ್ಣುತ್ತಿದ್ದವನು ಎದ್ದು ಹೋಗಿ ಅರ ಹಿಡಿದು ಅಂಚು ಉಜ್ಜುತ್ತಿದ್ದ. ಐದನೆಯ ಬಾಯಿ ಸರಿಹೋಯಿತು. ಆದರೂ ಒಳಗೆ ಫಿಲ್ಟರ್ ಅಡ್ಡ ಕೂತೇ ಇತ್ತು.

ಆಗ ಅವನಿಗೆ ಬಾಗಿಲು ಹೊಳೆಯಿತು. ಅಂಗೈಯಗಲದ ಬಾಗಿಲು. ಮುಚ್ಚಿದರೆ ಗಾಳಿ ಫಿಲ್ಟರಿನ ಮೂಲಕ ಹೋಗುತ್ತದೆ. ತೆರೆದರೆ ಫಿಲ್ಟರಿನ ಗೊಡವೆಯಿಲ್ಲದೆ ನೇರವಾಗಿ ಎಂಜಿನ್ನಿಗೆ. ತೆರೆಯಲು ಸೀಟಿನ ಮುಂದೆ ಎಳೆಯುವ ಒಂದು ಗುಂಡಿ.

ಇನಾಸ ಬಂದು ನೋಡಿ ಮೆಚ್ಚಿದ. "ಬಾಗಿಲು ಚೆನ್ನಾಗಿದೆ. ಮೇಲೆ ಧೂಳಿಲ್ಲ, ಅಲ್ಲಿ ತೆರೆ. ಎರಡು ಸಾವಿರ ಅಡಿ ದಾಟುವವರೆಗೆ ಮಾತ್ರ ಈ ಗುಂಡಿ ಮುಟ್ಟಬೇಡ. ನೆಲದ ಮೇಲೆ ನಿನಗೆ ವೇಗವೇ ಇರುವುದಿಲ್ಲ, ಗಾಳಿ ಹೇಗೆ ನುಗ್ಗೀತು? ಅಲ್ಲಿ ತೆರೆದರೆ ನುಗ್ಗುವುದು ಧೂಳೊಂದೇ."

ಮೌನೇಶ ಹಾಗೆಯೇ ಮಾಡಿದ. ಎರಡು ಸಾವಿರ ಅಡಿಯಲ್ಲಿ ಗುಂಡಿ ಎಳೆದಾಗ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ತೋರಿಸುವ ಮುಳ್ಳು ಒಂದು ಕೂದಲೆಳೆಯಷ್ಟು ಮೇಲಕ್ಕೆ ಸರಿಯಿತು. ಎಂಜಿನ್ನಿನ ದನಿ ತುಂಬಿಕೊಂಡಿತು. ಅವನ ಎದೆಯೂ ತುಂಬಿಕೊಂಡಿತು.

ಆ ಹಿಗ್ಗು ಒಂದು ವಾರವೂ ಉಳಿಯಲಿಲ್ಲ. ಬಲ ಬೇಕಾಗುವುದು ಏರುವಾಗ. ಏರಿ ಮುಗಿದ ಮೇಲೆ ಬಂದ ಬಲದಿಂದ ಏನು ಪ್ರಯೋಜನ ಎಂದು ಮನಸ್ಸು ಕೆದಕತೊಡಗಿತು. ಸಾವಿರದೈನೂರು ಅಡಿಯಲ್ಲಿ ತೆರೆದು ನೋಡಿದ. ಏನೂ ಆಗಲಿಲ್ಲ. ಎಂಟುನೂರರಲ್ಲಿ ತೆರೆದ. ಮುನ್ನೂರರಲ್ಲಿ ತೆರೆದ. ಏನೂ ಆಗಲಿಲ್ಲ. ಏನೂ ಆಗದಿದ್ದುದೇ ಅವನಿಗೆ ಅಪ್ಪಣೆಯಾಯಿತು.

ಒಂದು ದಿನ ಓಟ ಶುರುಮಾಡುವ ಮೊದಲೇ ಗುಂಡಿ ಎಳೆದ. ಅವನ ರನ್‌ವೇ ಎಂದರೆ ಕೆಂಪು ಗರಸು ಮಣ್ಣು ಹಾಸಿದ ನೆಲ. ಪ್ರೊಪೆಲ್ಲರಿನ ಗಾಳಿಗೆ ಧೂಳು ಎದ್ದು ಮುಸುಕಿತು. ವಿಮಾನ ಬೇಗ ಏರಿದಂತೆ ಅನ್ನಿಸಿತು. ಹಾಗೆ ಅನ್ನಿಸಿದ್ದೇ ಅವನಿಗೆ ಸಾಕಾಯಿತು. ಆಮೇಲೆ ಅವನು ಆ ಗುಂಡಿಯನ್ನು ಒಳಗೆ ತಳ್ಳುವುದನ್ನೇ ಬಿಟ್ಟ.

ಕೆಲವು ತಿಂಗಳಲ್ಲಿ ಎಂಜಿನ್ ಹೆಚ್ಚು ಆಯಿಲ್ ಕುಡಿಯತೊಡಗಿತು. ಏರುವುದು ಮತ್ತೆ ನಿಧಾನವಾಯಿತು. ಗಾಳಿ ಇನ್ನೂ ಸಾಲದೆಂದು ಬಗೆದು ಮೌನೇಶ ಗಾಳಿಬಾಯಿಯನ್ನು ಇನ್ನಷ್ಟು ಅಗಲ ಮಾಡಿದ. ಇನಾಸನ ಮನೆಯ ಕಡೆ ಹೋಗುವುದನ್ನು ತಪ್ಪಿಸಿದ.

ಆ ದಿನಗಳಲ್ಲೇ ನೀಲಮ್ಮ ಕೇಳಿದಳು. "ತಮ್ಮಾ, ನಾ ಹೊಲಿದ ರೆಕ್ಕಿ ಹೆಂಗ ಹಾರ್ತಾವ ಅಂತ ನಾನೂ ಒಮ್ಮೆ ನೋಡಬ್ಯಾಡೇನೋ?"

ಅಕ್ಕನನ್ನು ಕೂರಿಸಿಕೊಂಡು ಅವನು ನೆಲ ಬಿಟ್ಟ. ಅವಳು ಕೆಳಗೆ ನೋಡಲಿಲ್ಲ. ರೆಕ್ಕೆಯ ಹೊಲಿಗೆಯನ್ನೇ ನೋಡುತ್ತಿದ್ದಳು. ನಾನೂರು ಅಡಿ ಏರುವಷ್ಟರಲ್ಲಿ ಎಂಜಿನ್ ಎರಡು ಸಲ ಕೆಮ್ಮಿತು. ಮುಳ್ಳು ಇಳಿಯಿತು. ಅವನು ಗುಂಡಿ ತಳ್ಳಿದ, ಎಳೆದ, ಮತ್ತೆ ತಳ್ಳಿದ. ಬಲ ಬರಲಿಲ್ಲ. ಎದುರಿಗೆ ಒಂದು ಶೇಂಗಾ ಹೊಲವಿತ್ತು. ಅಲ್ಲೇ ಇಳಿಸಿದ. ಚಕ್ರ ಬದುವಿಗೆ ತಗುಲಿ ವಿಮಾನ ಮೂಗು ಊರಿ ನಿಂತಿತು. ಅವನಿಗೆ ತರಚು ಗಾಯವಷ್ಟೇ. ನೀಲಮ್ಮ ಬೀಳದಂತೆ ಬಲಗೈ ಊರಿದ್ದಳು. ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಇನಾಸ ತಾನಾಗಿ ಬಂದು ಎಂಜಿನ್ ಬಿಚ್ಚಿದ. ಸಿಲಿಂಡರಿನ ಒಳಗೋಡೆಯ ಮೇಲೆ ಮೌನೇಶನ ಬೆರಳು ಹಿಡಿದು ಸವರಿಸಿದ. ಕನ್ನಡಿಯ ಹಾಗೆ ನುಣ್ಣಗಿರಬೇಕಾದ ಗೋಡೆಯಲ್ಲಿ ಗೀರುಗಳು ಉಗುರಿಗೆ ಸಿಕ್ಕುತ್ತಿದ್ದವು. ಪಿಸ್ಟನ್ನಿನ ರಿಂಗುಗಳ ಸಂದಿಯಲ್ಲಿ ಕೆಂಪು ಧೂಳು ಆಯಿಲ್ ಜೊತೆ ಕಲೆತು ಹಿಟ್ಟಾಗಿತ್ತು.

"ಬಾಗಿಲಿನಿಂದ ನಿನಗೆ ಸಿಕ್ಕ ಬಲ ನೂರಕ್ಕೆ ಎರಡು ಪಾಲು. ಹೋದದ್ದು ಮೂವತ್ತು" ಎಂದ ಮುದುಕ. ಬೇರೆ ಏನೂ ಬೈಯಲಿಲ್ಲ. ಬೈದಿದ್ದರೆ ಮೌನೇಶನಿಗೆ ಎಷ್ಟೋ ಹಗುರವಾಗುತ್ತಿತ್ತು.

ನೀಲಮ್ಮನ ಕೈ ಕೂಡಿಕೊಂಡಿತು, ಆದರೆ ಮೊದಲಿನಂತೆ ಬಾಗಲಿಲ್ಲ. ಕತ್ತರಿ ಹಿಡಿದರೆ ಅವಳ ಬೆರಳು ಮರಗಟ್ಟುತ್ತಿತ್ತು. ಮೌನೇಶ ದಿನವೂ ಬೆಳಿಗ್ಗೆ ಅವಳ ಹೊಲಿಗೆ ಅಂಗಡಿಗೆ ಹೋಗಿ ಕೂರತೊಡಗಿದ. ಅವಳು ಎಡಗೈಯಿಂದ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದಳು, ಅವನು ಗೆರೆಯ ಗುಂಟ ಕತ್ತರಿಸುತ್ತಿದ್ದ. ಗೆರೆ ತಪ್ಪಿದರೆ ಬಟ್ಟೆ ಹಾಳು. ಹುಟ್ಟಿದಂದಿನಿಂದ ಅವನು ಅಷ್ಟು ನಿಧಾನವಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಒಂದು ದಿನ ಅವಳೇ ಕೇಳಿದಳು. "ವಿಮಾನ ಯಾವಾಗ ಏಳ್ತದೋ?"

"ಇನ್ನ ಸಾಕು ಬಿಡಕ್ಕ" ಎಂದ.

"ಯಾಕ ಸಾಕು? ನನ್ನ ರೆಕ್ಕಿಗೇನೂ ಆಗಿಲ್ಲಲ್ಲ!"

ಅವನು ಇನಾಸನ ಮನೆಗೆ ಹೋದ. ಇಬ್ಬರೂ ಸೇರಿ ಎಂಜಿನ್ನಿಗೆ ಹೊಸ ಸಿಲಿಂಡರು, ಹೊಸ ರಿಂಗು ಹಾಕಿದರು. ಒಂದೂವರೆ ವರ್ಷದ ಮೇಲೆ ವಿಮಾನ ಮತ್ತೆ ಎದ್ದಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚೆನ್ನಮಲ್ಲ ಮುಖ ಸಣ್ಣದು ಮಾಡಿಕೊಂಡಿದ್ದ. ಕತೆಯ ಕೊನೆ ತನಗೆ ಗೊತ್ತೆನ್ನುವಂತೆ ಕೇಳಿದ. "ಆ ಬಾಗಿಲನ್ನು ಬೆಸೆದು ಮುಚ್ಚಿಬಿಟ್ಟನೇನೋ?"

"ಇಲ್ಲ. ಬಾಗಿಲು ಈಗಲೂ ಇದೆ. ಈಗಲೂ ತೆರೆಯುತ್ತಾನೆ."

ಶಿಷ್ಯ ಕೂತಲ್ಲೇ ಮುಂದಕ್ಕೆ ಸರಿದ. "ಅಂದರೆ ತೆರೆಯಬಹುದು!"

"ತೆರೆಯಬಹುದು. ನೀನು ಈಗ ಎಷ್ಟು ಎತ್ತರದಲ್ಲಿದ್ದೀಯ?"