ಗಿಡ್ಡ ನಳಿಗೆ

ಹೊಳೆದಂಡೆಯಲ್ಲಿ ಈರಾಚಾರಿ ಅಂತ ಒಬ್ಬರಿದ್ದರು. ಕೋವಿ ರಿಪೇರಿ ಅವರ ಕಸುಬು, ಕೋವಿ ಹಿಡಿಯೋದನ್ನ ಕಲಿಸೋದು ಅವರ ಹುಚ್ಚು. ಸುತ್ತಮುತ್ತ ಶಿಕಾರಿಗೆ ಹೋಗುತ್ತಿದ್ದ ಗಂಡಸರೆಲ್ಲ ಒಂದಲ್ಲ ಒಂದು ಕಾಲಕ್ಕೆ ಅವರ ಶಿಷ್ಯರೇ.

ಕಲಿಸುತ್ತಿದ್ದದ್ದು ಜಾಸ್ತಿ ಏನಿಲ್ಲ. ಪ್ರಾಣಿ ಪೂರ್ತಿ ಕಣ್ಣಿಗೆ ಬೀಳುವ ತನಕ ಬೆರಳು ಕೋವಿಯ ಕುದುರೆಗೆ, ಆ ಒತ್ತುವ ಕೊಕ್ಕೆಗೆ, ಹೋಗಬಾರದು. ಪೊದೆ ಅಲ್ಲಾಡಿತು ಅಂತ ಹೊಡೆಯುವವನು ನನ್ನ ಶಿಷ್ಯನೇ ಅಲ್ಲ ಅನ್ನುತ್ತಿದ್ದರು. ಇಷ್ಟು ಹೇಳೋಕೆ ಮೂರು ವರ್ಷ ತೆಗೆದುಕೊಳ್ಳುತ್ತಿದ್ದರು, ಅಷ್ಟು ನಿಧಾನದ ಮನುಷ್ಯ.

ಆ ವರ್ಷ ಹಂದಿ ಶಿಕಾರಿಯಲ್ಲಿ ಅವರ ಒಬ್ಬನೇ ಮಗ ಶೇಷ ಸತ್ತ.

ಅವತ್ತು ಐದು ಜನ ಕೋವಿ ಹಿಡಿದು ಕಾದು ಕೂತಿದ್ದರು. ಶೇಷ ಪೊದೆ ಬಡಿದು ಹಂದಿ ಎಬ್ಬಿಸುವವರ ಜೊತೆಗಿದ್ದ. ಕೇಳಿಸಿದ್ದು ಒಂದೇ ಈಡು. ಹೊಡೆದವನು ದುಗ್ಗಪ್ಪ.

ಅದು ಐದೂ ಜನಕ್ಕೆ ಗೊತ್ತಿತ್ತು. ಹೆಣ ಊರಿಗೆ ತರುವ ಮೊದಲೇ ಐವರೂ ಹೊಳೆಗಿಳಿದು ಐದೂ ಕೋವಿ ತೊಳೆದರು. ಯಾವ ನಳಿಗೆಯಲ್ಲಿ ಮಸಿ ಇತ್ತು ಅಂತ ಇನ್ನು ದೇವರು ಬಂದರೂ ಹೇಳೋಕಾಗಬಾರದು, ಹಾಗೆ ತೊಳೆದರು. ಬಾಯಿ ಬಿಡುವುದಿಲ್ಲ ಅಂತ ಆಣೆ ಹಾಕಿಕೊಂಡರು. ಐವರೂ ಈರಾಚಾರಿಯ ಶಿಷ್ಯರೇ ಮತ್ತೆ.

ಗುರು ಯಾರನ್ನೂ ಏನೂ ಕೇಳಲಿಲ್ಲ. ಹದಿಮೂರು ದಿನ ಕಳೆಯಿತು, ಕುಲುಮೆ ಮತ್ತೆ ಹೊತ್ತಿತು.

ಎರಡು ತಿಂಗಳ ಮೇಲೆ ದುಗ್ಗಪ್ಪ ಕೋವಿ ಹೆಗಲಿಗೇರಿಸಿಕೊಂಡು ಬಂದ. ಪಾಪ, ಅವನಿಗೆ ಅನ್ನ ಸೇರುತ್ತಿರಲಿಲ್ಲ. ತಪ್ಪು ತನ್ನದಲ್ಲ, ಕೋವಿದು ಅಂತ ತನಗೆ ತಾನೇ ಹೇಳಿಕೊಂಡು ಹೇಳಿಕೊಂಡು ಸಾಕಾಗಿತ್ತು. ಅದೇ ಮಾತು ಒಂದು ಸಲ ಗುರುವಿನ ಬಾಯಿಂದ ಬಂದರೆ ನಿದ್ದೆಯಾದರೂ ಬಂದೀತು ಅಂದುಕೊಂಡಿದ್ದ. ಆದರೆ ತಾನು ಏನೂ ಒಪ್ಪಿಕೊಳ್ಳದೆ ಬರಬೇಕು. ಎಂಥಾ ಜಾಣ ನೋಡಿ.

"ನಳಿಗೆ ಉದ್ದ ಆಯ್ತು ಗುರುಗಳೇ," ಅಂದ. "ದಟ್ಟ ಕಾಡಲ್ಲಿ ತಿರುಗಿಸೋಕಾಗಲ್ಲ. ಬಳ್ಳಿಗೆ ಸಿಕ್ಕಿಕೊಂಡು ಈಡು ಎಲ್ಲೆಲ್ಲಿಗೋ ಹೋಗುತ್ತೆ."

ಈರಾಚಾರಿ ಉಜ್ಜುತ್ತಿದ್ದ ಅರ ನಿಲ್ಲಿಸಿದರು.

"ಯಾವಾಗ ಸಿಕ್ಕಿಕೊಂಡಿತ್ತು?"

ದುಗ್ಗಪ್ಪ ತಬ್ಬಿಬ್ಬಾದ. ಹೀಗೇ, ಯಾವಾಗಲೋ ಅಂದ.

ಅವರು ಮತ್ತೆ ಕೇಳಲಿಲ್ಲ. ಅಟ್ಟ ಹತ್ತಿ, ಎಣ್ಣೆಬಟ್ಟೆ ಸುತ್ತಿಟ್ಟಿದ್ದ ಒಂದು ಗಿಡ್ಡ ನಳಿಗೆಯನ್ನೂ ಭುಜಕ್ಕೆ ಆನಿಸುವ, ಅರ್ಧ ಕೆತ್ತಿದ್ದ ಒಂದು ಮರದ ಹಿಡಿಯನ್ನೂ ತಂದು ಹಲಗೆಯ ಮೇಲಿಟ್ಟರು.

"ಶೇಷನ ಕೋವಿಗೆ ಅಂತ ಇಟ್ಟಿದ್ದು," ಅಂದರು. "ದೀಪಾವಳಿಗೆ ಕೊಡ್ತೀನಿ ಅಂದಿದ್ದೆ. ಉಜ್ಜಿದ್ದನ್ನೇ ಉಜ್ಜುತ್ತಾ ಕೂತುಬಿಟ್ಟೆ. ಕೋವಿ ಕೈಗೆ ಬಂದಿದ್ದಿದ್ರೆ ಅವನೂ ನಿಮ್ಮ ಸಾಲಲ್ಲೇ ಕೂತಿರ್ತಿದ್ದ, ಪೊದೆಯೊಳಗೆ ಹೋಗ್ತಿರಲಿಲ್ಲ. ಅದು ನನ್ನ ತಪ್ಪು ದುಗ್ಗಪ್ಪ."

ಹೇಳಿ, ಅವನ ಮುಖ ನೋಡಿದರು.

ಹೊಡೆದವನು ನಾನೇ ಅನ್ನಬೇಕಾದ ದುಗ್ಗಪ್ಪ ಇನ್ನೊಂದು ಹೇಳಿದ.

"ಹಣೆಬರಹ ಗುರುಗಳೇ. ಯಾರ ತಪ್ಪೂ ಅಲ್ಲ."

"ಹೌದಾ," ಅಂದರು ಈರಾಚಾರಿ. ಎಂಟು ದಿನ ಬಿಟ್ಟು ಬಾ ಅಂದರು.

ಎಂಟು ದಿನದ ಮೇಲೆ ದುಗ್ಗಪ್ಪನ ಕೋವಿಗೆ ಶೇಷನ ನಳಿಗೆ ಕೂತಿತ್ತು, ಹಿಡಿಯೂ ಕೂತಿತ್ತು. ಕೋವಿ ಆಳಿಗೆ ಒಗ್ಗಿದೆಯೋ ಇಲ್ಲವೋ ಅಂತ ನೋಡೋಕೆ ಅವರದೊಂದು ಕ್ರಮ ಇತ್ತು. ಕೋವಿ ಬಿಚ್ಚಿ, ಖಾಲಿ ಇದೆ ಅಂತ ಎರಡೆರಡು ಸಲ ನೋಡಿ ಶಿಷ್ಯನ ಕೈಗೆ ಕೊಟ್ಟು, ತಾವೇ ಎದುರು ನಿಲ್ಲುತ್ತಿದ್ದರು. ಶಿಷ್ಯ ಕಣ್ಣು ಮುಚ್ಚಿಕೊಂಡು ಕೋವಿಯನ್ನು ಭುಜಕ್ಕೆ ಏರಿಸಬೇಕು, ಆಮೇಲೆ ಕಣ್ಣು ಬಿಡಬೇಕು. ನಳಿಗೆ ನೇರವಾಗಿ ಗುರುವಿನ ಬಲಗಣ್ಣಿಗೆ ಬಂದು ನಿಂತಿದ್ದರೆ ಅಳತೆ ಸರಿ ಅಂತ.

ದುಗ್ಗಪ್ಪ ಕೋವಿ ಏರಿಸಿ ಕಣ್ಣು ಬಿಟ್ಟ. ನಳಿಗೆ ಎಡಕ್ಕೆ ಹೋಗಿತ್ತು. ಅಲ್ಲಿ ಬಾಗಿಲಲ್ಲಿ ಶೇಷನ ತಾಯಿ ಮಜ್ಜಿಗೆ ಲೋಟ ಹಿಡಿದು ನಿಂತಿದ್ದರು.

ಕೋವಿ ಇಳಿಸಿಬಿಟ್ಟ.

ಆ ತಾಯಿಗೆ ಏನೂ ಗೊತ್ತಿರಲಿಲ್ಲ. ಯಾಕಪ್ಪ ಹೀಗೆ ಇಳಿದುಹೋಗಿದ್ದೀಯ, ಮೈ ಸರಿ ಇಲ್ವಾ ಅಂತ ಕೇಳಿ ಮಜ್ಜಿಗೆ ಕೊಟ್ಟು ಒಳಗೆ ಹೋದರು. ಲೋಟ ಅವನ ಕೈಯಲ್ಲೇ ಉಳಿಯಿತು. ಕುಡಿಯೋಕಾಗಲಿಲ್ಲ.

"ಹಿಡಿ ನಿನ್ನ ತೋಳಿಗೆ ಉದ್ದ," ಅಂದರು ಗುರು.

"ಅದೇ ಗುರುಗಳೇ," ಅಂದ ಇವನು, ಮುಳುಗುವವನಿಗೆ ಹಗ್ಗ ಸಿಕ್ಕ ಹಾಗೆ. "ಹಳೇ ಹಿಡಿನೂ ಹಾಗೇ ಇತ್ತು. ಎಡಕ್ಕೆ ಎಳೀತಿತ್ತು."

ಈರಾಚಾರಿ ತಲೆಯಾಡಿಸಿ ಹಿಡಿ ಬಿಚ್ಚಿದರು.

ಅಲ್ಲಿಂದ ಶುರುವಾಯಿತು ನೋಡಿ. ಮುಂದಿನ ಸಲ ಬಂದವನು, ನಳಿಗೆ ತುದಿಯ ಗುರಿಯ ಮಣಿ ಹಿತ್ತಾಳೆದು, ಮರದ ನೆರಳಲ್ಲಿ ಕಾಣೋದೇ ಇಲ್ಲ, ಕಾಣದಿದ್ದರೆ ಮನುಷ್ಯ ಏನು ಮಾಡಬೇಕು ಅಂತ ದೂರಿದ. ಗುರು ಹಿತ್ತಾಳೆ ಮಣಿ ಕಿತ್ತು ಶಂಖದ ಚೂರೊಂದನ್ನು ತೇದು ಕೂರಿಸಿದರು. ಕತ್ತಲ ಮೂಲೆಯಲ್ಲೂ ಬೆಳ್ಳಗೆ ಕಾಣುತ್ತಿತ್ತು. ಅದರ ಮುಂದಿನ ಸಲ ಕುದುರೆ ತೀರಾ ಸಡಿಲ ಅಂದ. ಬೆರಳು ಸೋಕಿದರೆ ಸಾಕು ಹಾರಿಬಿಡುತ್ತೆ, ಎಂಥವನಿಗಾದರೂ ಹಾರುತ್ತೆ ಅಂದ. ಅದನ್ನೂ ಬಿಗಿ ಮಾಡಿದರು.

ಪ್ರತಿ ಸಲವೂ ಒಂದು ದೂರು ಕೊಟ್ಟು ದಾರಿ ಹಿಡಿಯುವಾಗ ದುಗ್ಗಪ್ಪನಿಗೆ ಎದೆ ಹಗುರಾಗುತ್ತಿತ್ತು. ಮನೆ ಸೇರುವ ಹೊತ್ತಿಗೆ ಅದು ಮೊದಲಿಗಿಂತ ಭಾರವಾಗಿರುತ್ತಿತ್ತು. ಒಂದೊಂದು ದೂರೂ ರಿಪೇರಿಯಾಗಿಬಿಡುತ್ತಿತ್ತಲ್ಲ, ಅದೇ ಅವನ ಕಷ್ಟ. ಕೋವಿಯದೇ ತಪ್ಪು ಅಂತ ಮಾತ್ರ ಆ ಮುದುಕ ಒಂದು ಸಲವೂ ಅನ್ನಲಿಲ್ಲ.

ಕೊನೆಗೊಂದು ದಿನ ಅವರೇ ಹೇಳಿ ಕಳಿಸಿದರು.

ಹೋದಾಗ ಕೋವಿ ಹಲಗೆಯ ಮೇಲಿತ್ತು. ಗಿಡ್ಡ, ಚೊಕ್ಕ, ಎಣ್ಣೆ ಹಚ್ಚಿ ಒರೆಸಿದ್ದು. ಅಷ್ಟು ಒಳ್ಳೆಯ ಕೆಲಸ ಅವರು ಯಾರಿಗೂ ಮಾಡಿಕೊಟ್ಟಿರಲಿಲ್ಲ.

ಬಿಚ್ಚಿದರು, ಖಾಲಿ ಇದೆ ಅಂತ ನೋಡಿದರು, ಕೊಟ್ಟರು, ಎದುರು ನಿಂತರು.

ದುಗ್ಗಪ್ಪ ಕಣ್ಣು ಮುಚ್ಚಿ ಏರಿಸಿದ. ಕೋವಿ ತಾನೇ ಎದ್ದು ಬಂದು ಭುಜದಲ್ಲಿ ಕೂತಿತು. ಕಣ್ಣು ಬಿಟ್ಟರೆ ಬಿಳಿ ಮಣಿಯ ಆಚೆ ಗುರುವಿನ ಬಲಗಣ್ಣು. ಒಂದು ಕೂದಲೂ ಅತ್ತಿತ್ತ ಇಲ್ಲ. ಆ ಕಣ್ಣು ರೆಪ್ಪೆ ಬಡಿಯದೆ ಇವನನ್ನೇ ನೋಡುತ್ತಿತ್ತು.

"ಹಾಗೇ ಹಿಡ್ಕೊ," ಅಂದರು ಈರಾಚಾರಿ. "ಇನ್ನೇನಾದ್ರೂ ದೂರಿದೆಯಾ?"

ದುಗ್ಗಪ್ಪ ಹುಡುಕಿದ. ನಳಿಗೆ ನೋಡಿದ, ಹಿಡಿ ನೋಡಿದ, ಬೆರಳಿಗೆ ಸಿಕ್ಕುತ್ತಿದ್ದ ಬಿಗಿ ಕುದುರೆ ನೋಡಿದ. ದೇವರಾಣೆಗೂ ಏನೂ ಸಿಗಲಿಲ್ಲ. ಅವನ ಕೈ ನಡುಗೋಕೆ ಶುರುವಾಯಿತು. ನಡುಗುತ್ತಿದ್ದದ್ದು ಕೋವಿಯಲ್ಲ, ಕೈ ಅನ್ನೋದು ಇಬ್ಬರಿಗೂ ಕಾಣುತ್ತಿತ್ತು.

"ನಿಮಗೆ ಯಾವಾಗ ಗೊತ್ತಾಯ್ತು?" ಅಂದ.

"ಬಳ್ಳಿಗೆ ಸಿಕ್ಕಿಕೊಳ್ತು ಅಂದೆಯಲ್ಲ, ಅವತ್ತೇ. ಉಳಿದ ನಾಲ್ಕು ಜನ ಕೋವಿ ತೂಗುಹಾಕಿ ತೆಪ್ಪಗಿದ್ದಾರೆ. ರಿಪೇರಿ ಬೇಕಾಗಿದ್ದು ನಿನಗೊಬ್ಬನಿಗೇ."

ದುಗ್ಗಪ್ಪನ ಕಣ್ಣು ತುಂಬಿತು. ಅಂತೂ ಅಳು ಬಂತು, ಆದರೆ ಆಗಲೂ ಬಾಯಿಗೆ ಬಂದದ್ದು ಆ ಮಾತಲ್ಲ.

"ಈ ಕೋವಿ ನನಗೆ ಬೇಡ ಗುರುಗಳೇ. ನೀವೇ ಇಟ್ಕೊಳ್ಳಿ."

ಈರಾಚಾರಿ ಮುಂದೆ ಬಂದು, ಅವನ ಭುಜದಿಂದ ಕೋವಿಯನ್ನು ಮೆಲ್ಲಗೆ ಇಳಿಸಿ, ಅವನ ಎರಡೂ ಕೈಗೆ ಅಡ್ಡ ಇಟ್ಟು ಬೆರಳುಗಳನ್ನು ಮಡಿಸಿದರು.

"ಕೋವಿಯಲ್ಲಿದ್ದ ತಪ್ಪನ್ನೆಲ್ಲ ತೆಗೆದಿದ್ದೀನಿ ದುಗ್ಗಪ್ಪ. ಉಳಿದಿದ್ದನ್ನ ನೀನು ಹೊತ್ಕೊಂಡು ಹೋಗು."