ಏಡಿ ಕಳಚಿದ ಚಿಪ್ಪು

ಹಳೆಯ ಕೋಟೆಯ ಕಂದಕದಲ್ಲಿದ್ದ ಏಡಿಗೆ ಮೈ ಬೆಳೆದು ಚಿಪ್ಪು ಉಸಿರುಗಟ್ಟಿಸುವಷ್ಟು ಬಿಗಿಯಾಯಿತು. ಕಳಚಲು ಹೊರಟಾಗ ಕೋಟೆಗೋಡೆ ತಡೆಯಿತು.

"ಹುಚ್ಚುತನ ಮಾಡಬೇಡ. ಚಿಪ್ಪು ಬಿಟ್ಟರೆ ಕೊಕ್ಕರೆಗೆ ತುತ್ತಾಗುತ್ತೀಯ. ನನ್ನನ್ನು ನೋಡು, ಕಟ್ಟಿದಂದಿನಿಂದ ಒಂದು ಕಲ್ಲೂ ಅಲುಗಲು ಬಿಟ್ಟವನಲ್ಲ."

ಏಡಿಗೂ ಕೊಕ್ಕರೆಯ ಭಯವಿತ್ತು. ಆದರೂ ಕೇಳಿತು: "ನಿನ್ನೊಳಗಿದ್ದ ಊರು ಎಲ್ಲಿ ಹೋಯಿತು, ಅಜ್ಜ?"

"ಜನ ಹೆಚ್ಚಿದರು, ಜಾಗ ಬಿಡು ಎಂದರು. ನಾನು ಜಗ್ಗಲಿಲ್ಲ. ಆಚೆ ಬಯಲಿನಲ್ಲಿ ಮನೆ ಕಟ್ಟಿಕೊಂಡರು," ಎಂದಿತು ಗೋಡೆ, ಬಿಗುಮಾನದಿಂದ.

ಏಡಿಗೆ ಅಷ್ಟು ಸಾಕಾಯಿತು. ಗೋಡೆಯ ಬುಡದ ಕಲ್ಲಿನ ಸಂದಿಗೆ ನುಸುಳಿ, ಬೆನ್ನ ಚಿಪ್ಪು ಬಿರಿಸಿ, ಹಿಂದಕ್ಕೆ ಜಾರಿ ಹೊರಬಂತು. ಖಾಲಿ ಚಿಪ್ಪನ್ನು ಆಚೆ ತಳ್ಳಿತು. ಬೆಣ್ಣೆಯಂಥ ಮೈ. ಕೊಕ್ಕರೆಯ ಕೊಕ್ಕು ಎರಡು ಸಲ ಸಂದಿಯ ಬಾಯಿಗೆ ಬಂದು ಹೋಯಿತು. ಏಡಿ ಅಲುಗದೆ ಕೂತಿತು.

ಹೊಸ ಚಿಪ್ಪು ಗಟ್ಟಿಯಾದ ದಿನ ಅದು ಮೊದಲಿಗಿಂತ ದೊಡ್ಡದಾಗಿ ಹೊರಗೆ ಬಂತು. ಗೋಡೆಗೆ ಗುರುತು ಸಿಗಲಿಲ್ಲ. ತನ್ನ ಬುಡದಲ್ಲಿ ಕಾಲು, ಇಕ್ಕಳ ಒಂದೂ ಮುರಿಯದೆ ಬಿದ್ದಿದ್ದ ಹಳೆಯ ಚಿಪ್ಪನ್ನು ತೋರಿಸಿ ಹೇಳಿತು: "ಇವನನ್ನು ನೋಡಿ ಕಲಿ. ನನ್ನ ಮಾತು ಕೇಳಿ ಇದ್ದ ಹಾಗೇ ಉಳಿದ."

ಏಡಿ ಆ ಚಿಪ್ಪನ್ನು ಮೆಲ್ಲಗೆ ಮಗುಚಿತು. ಒಳಗೆ ಯಾರೂ ಇರಲಿಲ್ಲ.